ಎಲುಬು ಕೂಡದಂತೆ ನೋಡಿಕೊಳ್ಳುವ ಬಗೆ

ಮುರಿದ ಎಲುಬಿಗೆ ಒಂದು ಕೆಟ್ಟ ಚಾಳಿ ಇದೆ. ಅದರ ಪಾಡಿಗೆ ಬಿಟ್ಟರೆ ಕೂಡಿಕೊಂಡುಬಿಡುತ್ತದೆ. ಚರ್ಮ ಹರಿದರೆ ಕಲೆಯನ್ನಾದರೂ ಉಳಿಸುತ್ತದೆ. ಎಲುಬು ಮುರಿದ ಜಾಗದಲ್ಲಿ ಮತ್ತೆ ಎಲುಬನ್ನೇ ಬೆಳೆಸಿ, ವರ್ಷಗಳ ಮೇಲೆ ಗುರುತೂ ಸಿಗದಂತೆ ತಿದ್ದಿ ತೀಡಿ ಕೂರುತ್ತದೆ. ಹಾಗಾಗಿ ಕೂಡದ ಎಲುಬು ಬೇಕೆಂದರೆ ಸುಮ್ಮನೆ ಮಲಗಿದರೆ ಆಗದು, ದುಡಿಯಬೇಕು. ನಾನು ನನ್ನ ಎಡಗಾಲಿನ ಮೇಲೆ ಹದಿನಾಲ್ಕು ತಿಂಗಳು ದುಡಿದಿದ್ದೇನೆ. ಮನ್ನಳ್ಳಿಯಲ್ಲಿ ಈ ವಿಷಯದಲ್ಲಿ ನನಗಿಂತ ಅನುಭವಸ್ಥರು ಸದ್ಯಕ್ಕಿಲ್ಲ. ಹೇಳಿದಂತೆ ಮಾಡಿ.

ಮೊದಲು ಸರಿಯಾದ ಎಲುಬನ್ನು ಆರಿಸಿಕೊಳ್ಳಿ. ಪಕ್ಕೆಲುಬಿನ ಗೊಡವೆಗೆ ಹೋಗಬೇಡಿ, ಅದು ನೀವು ಕೆಮ್ಮುತ್ತ ನರಳುತ್ತ ಇರುವಾಗಲೇ ಕೂಡಿಬಿಡುತ್ತದೆ. ಮಕ್ಕಳ ಎಲುಬಂತೂ ದಂಡ, ಆರು ವಾರದಲ್ಲಿ ಮತ್ತೆ ಮರ ಹತ್ತುತ್ತವೆ. ರಕ್ತ ಕಷ್ಟಪಟ್ಟು ತಲುಪುವ ಜಾಗ ಹುಡುಕಿ. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನೊಳಗೆ ಗೋಡಂಬಿಯಂಥ ಒಂದು ಪುಟ್ಟ ಎಲುಬಿದೆ, ಅದು ಒಳ್ಳೆಯದು. ತೊಡೆಯೆಲುಬಿನ ಕತ್ತು ಇನ್ನೂ ಒಳ್ಳೆಯದು, ಆದರೆ ಅದಕ್ಕೆ ವಯಸ್ಸಾಗುವವರೆಗೆ ಕಾಯಬೇಕು. ನಡುವಯಸ್ಸಿನ ರೈತನಿಗೆ ನನ್ನ ಸಲಹೆ ಕಣಕಾಲಿನ ಕೆಳಭಾಗ, ಹರಡಿಗಿಂತ ಒಂದು ಗೇಣು ಮೇಲೆ. ಅಲ್ಲಿ ಮಾಂಸದ ಹೊದಿಕೆ ತೆಳು, ರಕ್ತವೂ ಕಡಿಮೆ. ಸೋಯಾ ರಾಶಿಯ ದಿನಗಳಲ್ಲಿ, ಮಳೆಯಾದ ಮರುದಿನ, ಹಿಂದೆ ಎರಡು ಚೀಲ ಕಟ್ಟಿಕೊಂಡು ಹೊಲದ ದಾರಿಯಲ್ಲಿ ಬೈಕ್ ಓಡಿಸಿ. ಉಳಿದದ್ದನ್ನು ಕೆಸರು ನೋಡಿಕೊಳ್ಳುತ್ತದೆ.

ಬಿದ್ದ ಮೇಲೆ ಕಾಲು ಅಲುಗದಂತೆ ಎರಡು ಹಲಗೆ ಕಟ್ಟಿ ನೇರ ಬೀದರಿಗೆ ಹೋಗುವುದು ಧೈರ್ಯವಿಲ್ಲದವರ ಕೆಲಸ. ನೀವು ಮನೆಗೆ ಬನ್ನಿ. ಹೊರಸಿನ ಮೇಲೆ ಮಲಗಿ, ಓಣಿ ಸೇರುವವರೆಗೆ ಕಾಯಿರಿ. ಬಂದವರಿಗೆಲ್ಲ ಪಾದ ಹಿಡಿದು ಒಮ್ಮೆ ಆ ಕಡೆ ಒಮ್ಮೆ ಈ ಕಡೆ ತಿರುಗಿಸಿ ನೋಡುವ ಅವಕಾಶ ಕೊಡಿ. ಅವರು ಚಹಾ ಕುಡಿಯಲು ಬಂದವರಲ್ಲ, ಅಭಿಪ್ರಾಯ ಕೊಡಲು ಬಂದವರು. "ಮುರಿದಿಲ್ಲ ಬಿಡು, ಉಳುಕ್ಯಾದ" ಎಂದು ಒಬ್ಬರಾದರೂ ಹೇಳುತ್ತಾರೆ. ಅವರ ಮಾತನ್ನು ನಂಬಿ, ಎದ್ದು ನಿಂತು ತೋರಿಸಿ. ಒಳಗಿನ ಚೂಪು ತುದಿಗಳು ಆಗ ಮಾಂಸದಲ್ಲಿ ಚೆನ್ನಾಗಿ ಓಡಾಡಿಕೊಳ್ಳುತ್ತವೆ.

ನಂತರ ಕಟ್ಟು. ಬಿದಿರು ದಬ್ಬೆ, ಮೊಟ್ಟೆಯ ಬಿಳಿ, ಹಳೇ ಧೋತರದ ಪಟ್ಟಿ ಸಾಕು. ಕಟ್ಟುವವರಲ್ಲಿ ಹಳೇ ಕೈಗಳಿವೆ. ಕಟ್ಟಿದ ಮೇಲೆ ಕಾಲ್ಬೆರಳ ಉಗುರು ಒತ್ತಿ, ಬಿಟ್ಟಾಗ ಕೆಂಪು ಮರಳಿತೇ ಎಂದು ನೋಡಿ, ಮರಳದಿದ್ದರೆ ಸಡಿಲು ಮಾಡುವವರು. ಅಂಥವರ ಹತ್ತಿರ ಹೋಗಬೇಡಿ. ಬಿಗಿಯಾದಷ್ಟೂ ಬೇಗ ಕೂಡುತ್ತದೆ ಎಂದು ಹಗ್ಗದ ತುದಿಯನ್ನು ಹಲ್ಲಲ್ಲಿ ಕಚ್ಚಿ ಎಳೆಯುವವರನ್ನು ಹುಡುಕಿ. ಬೆರಳು ತಣ್ಣಗಾಗಿ, ಜೋಮು ಹಿಡಿದು, ನೀಲಿಗೆ ತಿರುಗಿದರೆ ಕಟ್ಟು ನಾಟಿದೆ ಅಂತ ತಿಳಿಯಿರಿ. ಆರು ತಾಸು ರಕ್ತ ಪೂರ್ತಿ ನಿಂತರೆ ಮಾಂಸ ಸಾಯುತ್ತದೆ. ಆಮೇಲೆ ಎಲುಬು ಕೂಡಿತೋ ಇಲ್ಲವೋ ಎಂಬ ಚಿಂತೆ ಇರುವುದಿಲ್ಲ, ಕಾಲೇ ಇರುವುದಿಲ್ಲ. ಇದು ಮೇಲಿನ ತರಗತಿಯ ಪಾಠ. ನಾನು ಅಷ್ಟು ದೂರ ಹೋಗಲಿಲ್ಲ. ಮೂರನೇ ತಾಸಿಗೆ ಅವ್ವ ನನ್ನ ಹೆಬ್ಬೆರಳು ಮುಟ್ಟಿ ನೋಡಿ, ಏನೂ ಮಾತಾಡದೆ ಒಳಗೆ ಹೋಗಿ ಕತ್ತರಿ ತಂದಳು.

ಕೊನೆಗೂ ದವಾಖಾನೆಗೆ ಒಯ್ದು ಪ್ಲಾಸ್ಟರ್ ಹಾಕಿಸಿದರೆ ಎದೆಗುಂದಬೇಡಿ. ಅಲ್ಲಿಂದಲೂ ಕೆಡಿಸಲು ಬೇಕಾದಷ್ಟು ದಾರಿಗಳಿವೆ. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಎರಡು-ಮೂರು ವಾರಕ್ಕೆ ಅಲ್ಲಿ ಮೆತ್ತನೆಯ ಒಂದು ಗಂಟು ಕಟ್ಟುತ್ತದೆ, ಕಿವಿಯ ಹಾಳೆಯಷ್ಟು ಮೆದು. ಅದು ಗಟ್ಟಿಯಾಗಲು ಇನ್ನೂ ಒಂದೆರಡು ತಿಂಗಳು ಬೇಕು. ಗಂಟು ಕಟ್ಟಿದಂತೆ ನೋವು ಕಡಿಮೆಯಾಗುತ್ತದೆ ನೋಡಿ, ಅದೇ ನಿಮ್ಮ ಮುಹೂರ್ತ. ನೋವಿಲ್ಲ ಎಂದರೆ ಕೂಡಿದೆ ಎಂದು ಘೋಷಿಸಿ, ಬಚ್ಚಲಲ್ಲಿ ಕೂತು ಬಿಸಿನೀರು ಸುರಿದು ಪ್ಲಾಸ್ಟರ್ ಬಿಚ್ಚಿ. ಎಳ್ಳಮಾಸಿಗೆ ಹೊಲಕ್ಕೆ ನಡೆದು ಹೋಗಿ ಭಜ್ಜಿ-ರೊಟ್ಟಿ ತಿಂದು ಬನ್ನಿ. ಮೆತ್ತನೆ ಗಂಟು ದಿನಕ್ಕೊಮ್ಮೆ ಹರಿದು ದಿನಕ್ಕೊಮ್ಮೆ ಕಟ್ಟಲು ನೋಡುತ್ತದೆ. ಹರಿಯುತ್ತಲೇ ಇರಿ. ಕೆಲವು ತಿಂಗಳಾದ ಮೇಲೆ ಅದಕ್ಕೂ ಬೇಸರವಾಗುತ್ತದೆ.

ಆಹಾರದಲ್ಲಿ ಎಚ್ಚರವಿರಲಿ. ಎಲುಬಿಗೆ ಸುಣ್ಣದಂಶ ಬೇಕೆಂದು ಎಲ್ಲರೂ ಹೇಳುತ್ತಾರೆ, ಅದು ಖರೆ. ಆದ್ದರಿಂದ ಅಂಗೈಯಲ್ಲಿ ತಂಬಾಕಿಗೆ ಸುಣ್ಣ ತಿಕ್ಕಿ, ದಿನಕ್ಕೆ ಎಂಟು-ಹತ್ತು ಬಾರಿ ತುಟಿಯೊಳಗೆ ಇಡಿ. ತಂಬಾಕಿನ ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಮಾಡುತ್ತದೆ, ಮುರಿದ ಜಾಗಕ್ಕೆ ಹೋಗುವ ರಕ್ತ ಇನ್ನೂ ಕಡಿಮೆಯಾಗುತ್ತದೆ. ಬೀಡಿಯೂ ಆದೀತು. ಇದರ ಜೊತೆಗೆ ದಿನವೂ ಪಾಯಾ ಸೂಪು ಕುಡಿಯಿರಿ, ಯಾರೂ ನಿಮ್ಮನ್ನು ಅಲಕ್ಷ್ಯ ಮಾಡಿದ ಎಂದು ಬೈಯುವಂತಿರಬಾರದು. ಸಕ್ಕರೆ ಕಾಯಿಲೆ ಇದ್ದರೆ ಗುಳಿಗೆ ತಪ್ಪಿಸಿ. ಇಷ್ಟನ್ನು ನಿಷ್ಠೆಯಿಂದ ಪಾಲಿಸಿದರೆ ಒಂಬತ್ತು ತಿಂಗಳಲ್ಲಿ ಫಲ ಸಿಗುತ್ತದೆ. ಪೆಟ್ಟಾಗಿ ಒಂಬತ್ತು ತಿಂಗಳು ಕಳೆದು, ಕೊನೆಯ ಮೂರು ತಿಂಗಳಲ್ಲಿ ಎಕ್ಸ್‌ರೇಯಲ್ಲಿ ಯಾವ ಸುಧಾರಣೆಯೂ ಕಾಣದಿದ್ದರೆ ಅದನ್ನು ಕೂಡದ ಎಲುಬು ಎಂದು ಕರೆಯಬಹುದು ಅಂತ ಅಮೆರಿಕದ ಔಷಧ ಇಲಾಖೆಯ ಲೆಕ್ಕವೇ ಇದೆ. ಒಂಬತ್ತು ತಿಂಗಳು ಹೊತ್ತು ಹಡೆಯುವುದು ಹೆಣ್ಣುಮಕ್ಕಳಿಗಷ್ಟೇ ಸಾಧ್ಯ ಎಂದವರು ನನ್ನ ಎಕ್ಸ್‌ರೇ ನೋಡಿಲ್ಲ.

ಇಲ್ಲಿಗೆ ಮೊದಲ ಭಾಗ ಮುಗಿಯಿತು. ಎರಡನೆಯದು ಕಠಿಣ, ಏಕೆಂದರೆ ಈಗ ನಿಮ್ಮ ಎದುರಿಗೆ ಒಬ್ಬ ಡಾಕ್ಟರು ಕೂತು, ಒಳಗೆ ರಾಡ್ ಹಾಕಿ, ತುದಿಗಳನ್ನು ಕೆರೆದು, ನಡುವಿನ ಸಂದನ್ನು ತುಂಬೋಣ ಎನ್ನುತ್ತಾರೆ. ಏನು ತುಂಬುವುದು? ಎಲ್ಲಕ್ಕಿಂತ ಒಳ್ಳೆಯ ಸಾಮಾನು ನಿಮ್ಮದೇ ಸೊಂಟದ ಎಲುಬಿನಿಂದ ಕೆರೆದು ತೆಗೆದದ್ದು. ಆದರೆ ಅದಕ್ಕೆ ಇನ್ನೊಂದು ಗಾಯ ಆಗಬೇಕು, ಸಿಗುವುದೂ ಮಿತ. ಸಂದು ದೊಡ್ಡದಿದ್ದರೆ ಅದರ ಜೊತೆಗೆ ಎಲುಬಿನ ಸಿರಾಮಿಕ್ಕೋ, ಒಂದು ಬಗೆಯ ಗಾಜಿನ ಕಾಳುಗಳೋ ಬೆರೆಸುತ್ತಾರೆ. ಈ ಕಾಳುಗಳೇ ನಿಮ್ಮ ಹದಿನಾಲ್ಕು ತಿಂಗಳ ದುಡಿಮೆಯ ನಿಜವಾದ ಶತ್ರು. ಶತ್ರುವನ್ನು ಅರಿತೇ ಎದುರಿಸಬೇಕಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಒಬ್ಬರೇ ಹೋಗಬೇಡಿ. ನನ್ನ ಜೊತೆ ಕಾಕಾ ಬಂದಿದ್ದರು. ಡಾಕ್ಟರು ಮೇಜಿನ ಖಾನೆಯಿಂದ ಒಂದು ಪುಟ್ಟ ಸೀಸೆ ತೆಗೆದು ತೋರಿಸಿದರು. ಒಳಗೆ ಕಲ್ಲುಸಕ್ಕರೆ ಕುಟ್ಟಿದಂಥ ಬಿಳಿ ಕಾಳು. ಕಾಕಾ ಅದನ್ನು ಕಿಟಕಿ ಬೆಳಕಿಗೆ ಹಿಡಿದು, ಅಲ್ಲಾಡಿಸಿ, ಕಿವಿಯ ಹತ್ತಿರ ಒಯ್ದು ಸಪ್ಪಳ ಕೇಳಿದರು.

"ಕಾಜು ಅಂದ್ರ ಬಳಿಚೂರೇನ್ರಿ ಸಾಹೇಬ್ರ?"

"ಅಲ್ಲ ಕಾಕಾ. ಇದು ಮೈಯಾಗ ಕರಗ್ತದ."

"ಕರಗ್ತದ? ಮತ್ತ ಗ್ಯಾರಂಟಿ ಎಷ್ಟ್ ವರ್ಷ ಅದ?"

ಈ ಪ್ರಶ್ನೆಯನ್ನು ಬಾಯಿಪಾಠ ಮಾಡಿಕೊಳ್ಳಿ. ಇಡೀ ಶಾಸ್ತ್ರವನ್ನು ಒಂದೇ ಏಟಿಗೆ ಕೆಡವುವ ಪ್ರಶ್ನೆ ಇದು. ಡಾಕ್ಟರು ಉತ್ತರಿಸಲು ಹೊರಟರೆ ನಡುವೆ ಬಾಯಿ ಹಾಕಿ. ಅವರನ್ನು ಪೂರ್ತಿ ಮಾತಾಡಲು ಬಿಟ್ಟರೆ ಅಪಾಯವಿದೆ, ಏಕೆಂದರೆ ಅವರು ಹೇಳುವ ಕಥೆ ಚೆನ್ನಾಗಿದೆ.

1967ರಲ್ಲಿ ಲ್ಯಾರಿ ಹೆಂಚ್ ಎಂಬ ಅಮೆರಿಕದ ಮೇಷ್ಟರು ಒಂದು ವಿಜ್ಞಾನ ಸಭೆಗೆ ಬಸ್ಸಿನಲ್ಲಿ ಹೊರಟಿದ್ದರು. ಪಕ್ಕದ ಸೀಟಿನಲ್ಲಿ ವಿಯೆಟ್ನಾಂ ಯುದ್ಧದಿಂದ ಮರಳಿದ ಒಬ್ಬ ಕರ್ನಲ್. ಗಾಯಾಳುಗಳ ಮೈಯೊಳಗೆ ಇಟ್ಟ ಲೋಹವನ್ನೂ ಪ್ಲಾಸ್ಟಿಕ್ಕನ್ನೂ ದೇಹ ಒಪ್ಪಿಕೊಳ್ಳುತ್ತಿಲ್ಲ, ಒಪ್ಪಿಕೊಳ್ಳುವಂಥದ್ದನ್ನು ನೀವು ಮಾಡಲಾರಿರಾ ಎಂಬುದು ಅವರ ಪ್ರಶ್ನೆ. ಅಲ್ಲಿಯವರೆಗೆ ಎಲ್ಲರೂ ಹುಡುಕುತ್ತಿದ್ದದ್ದು ಕಾಕಾ ಕೇಳಿದಂಥ ಮಾಲನ್ನೇ: ತುಕ್ಕು ಹಿಡಿಯದ, ಸವೆಯದ, ಮೈಯ ಜೊತೆ ಮಾತೇ ಆಡದ ವಸ್ತು. ಅಂಥದ್ದನ್ನು ಒಳಗಿಟ್ಟರೆ ದೇಹ ಅದರ ಸುತ್ತ ನಾರಿನ ಒಂದು ಪೊರೆ ಕಟ್ಟಿ, ಕರೆಯದೆ ಬಂದ ನೆಂಟನನ್ನು ಪಡಸಾಲೆಯಲ್ಲೇ ಕೂರಿಸುವಂತೆ ಕೂರಿಸಿಬಿಡುತ್ತಿತ್ತು. ಹೆಂಚ್ ಉಲ್ಟಾ ಯೋಚಿಸಿದರು. ಎಲುಬಿನಲ್ಲಿರುವುದೇ ಕ್ಯಾಲ್ಸಿಯಂ ಮತ್ತು ರಂಜಕ. ಅದನ್ನೇ ಬಿಟ್ಟುಕೊಡುತ್ತ ಕರಗುವ ಗಾಜು ಮಾಡಿದರೆ? 1969ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ ಮಾಡಿದರು. ನೂರು ಪಾಲಿನಲ್ಲಿ 45 ಪಾಲು ಮರಳಿನ ಸಿಲಿಕಾ, 24.5 ಸೋಡಾ, 24.5 ಸುಣ್ಣ, 6 ರಂಜಕದ ಆಕ್ಸೈಡ್. ಇಲಿಯ ತೊಡೆಯೆಲುಬಿನಲ್ಲಿ ಕೂರಿಸಿ ಆರು ವಾರ ಬಿಟ್ಟು ಕೀಳಲು ನೋಡಿದರೆ ಕೀಳಲಾಗಲಿಲ್ಲ. ಎಲುಬು ಅದನ್ನು ಹಿಡಿದುಕೊಂಡಿತ್ತು.

ನಿಮ್ಮ ಮನೆಯ ಕಿಟಕಿ ಗಾಜಿನಲ್ಲಿ ಸಿಲಿಕಾ ನೂರಕ್ಕೆ ಎಪ್ಪತ್ತರಷ್ಟು. ಅದಕ್ಕೇ ಎಷ್ಟು ಮಳೆಗಾಲ ಕಳೆದರೂ ಕರಗುವುದಿಲ್ಲ. ಸಿಲಿಕಾ ಅರವತ್ತು ದಾಟಿದ ಗಾಜನ್ನು ಎಲುಬು ಮೂಸಿಯೂ ನೋಡುವುದಿಲ್ಲ. ಕಡಿಮೆ ಇದ್ದರೆ, ಮೈಯ ನೀರು ತಾಗಿದ ಕೆಲವೇ ತಾಸಿನಲ್ಲಿ ಸೋಡಾ ಹೊರಬೀಳುತ್ತದೆ, ಮೇಲ್ಮೈ ಅಂಬಲಿಯಂತೆ ಲೋಳೆಯಾಗುತ್ತದೆ, ಆ ಲೋಳೆಯ ಮೇಲೆ ಕ್ಯಾಲ್ಸಿಯಂ-ರಂಜಕದ ಒಂದು ಪದರ ಕೂರುತ್ತದೆ. ಅದು ಎಲುಬಿನೊಳಗಿನ ಖನಿಜದ್ದೇ ಜಾತಿ. ಎಲುಬು ಕಟ್ಟುವ ಕಣಗಳು ಅದನ್ನು ತಮ್ಮದೇ ಮನೆ ಎಂದುಕೊಂಡು ಬಂದು ಕೆಲಸ ಹೂಡುತ್ತವೆ. ಕರಗಿ ಬಿಡುಗಡೆಯಾದ ಸಿಲಿಕಾನ್ ಮತ್ತು ಕ್ಯಾಲ್ಸಿಯಂ ಆ ಕಣಗಳನ್ನು ಇನ್ನಷ್ಟು ಹುರಿದುಂಬಿಸುತ್ತವೆ. ಫಿನ್‌ಲೆಂಡಿನವರು ಇದರದೇ ತಮ್ಮನಂಥ ಇನ್ನೊಂದು ಗಾಜನ್ನು ಕೀವು ಹಿಡಿದ ಎಲುಬಿನ ಗುಳಿಗಳಿಗೂ ತುಂಬುತ್ತಾರೆ, ಸುತ್ತಲಿನ ಕ್ಷಾರ ಏರಿ ರೋಗಾಣುಗಳಿಗೆ ಬಾಳುವುದು ಕಷ್ಟವಾಗುತ್ತದೆ. ಹಲ್ಲು ಜುಮ್ಮೆನ್ನುವವರಿಗೆ ಮಾಡಿದ ಕೆಲವು ಟೂತ್‌ಪೇಸ್ಟಿನಲ್ಲೂ ಇದರ ಪುಡಿ ಇದೆ.

ಹೀಗೆ ಒಂದು ವಸ್ತು ಕೆಡುವುದರಿಂದಲೇ ಕೆಲಸಕ್ಕೆ ಬರುತ್ತದೆ ಎಂಬ ಮಾತನ್ನು ಬೀದರಿನವರ ಮುಂದೆ ಹೇಳಿದರೆ ಅವರು ಥಟ್ಟನೆ ಒಪ್ಪಿಬಿಡುವ ಭಯ ಇದೆ. ಅದನ್ನು ತಪ್ಪಿಸಿ. ಬಿದ್ರಿ ಕೆಲಸದವರ ಓಣಿಗಂತೂ ಹೋಗಲೇಬೇಡಿ. ಅಲ್ಲಿ ಸತುವಿಗೆ ಹದಿನಾರಕ್ಕೆ ಒಂದು ಪಾಲಿನಂತೆ ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿ ಇರುತ್ತದೆ. ಅದರ ಮೈ ಕೊರೆದು ಬೆಳ್ಳಿ ತಂತಿ ಕೂರಿಸಿ, ಉಜ್ಜಿ, ಕೈಗೆ ಕೊಟ್ಟಾಗ ಹೂಜಿಯೂ ಬೆಳ್ಳಗೆ, ಹೂವೂ ಬೆಳ್ಳಗೆ, ಕಣ್ಣು ಕಿರಿದು ಮಾಡಿ ನೋಡಿದರೂ ಬಳ್ಳಿ ಎಲ್ಲಿ ಶುರುವಾಯಿತೆಂದು ತಿಳಿಯದು. ಆಮೇಲೆ ಕೋಟೆಯೊಳಗೆ ಮಳೆ ಬಿಸಿಲು ತಾಗದ ಮೂಲೆಯಿಂದ ತಂದ ಮಣ್ಣಿಗೆ ನವಸಾಗರ ಸೇರಿಸಿ, ನೀರಲ್ಲಿ ಕಲಸಿ, ಬಿಸಿಯಾದ ಹೂಜಿಗೆ ಬಳಿಯುತ್ತಾರೆ. ಸತುವಿನ ಮೈ ಮಣ್ಣಿನ ಜೊತೆ ಮಾತಿಗಿಳಿದು ಕಪ್ಪಾಗುತ್ತದೆ. ಬೆಳ್ಳಿ ತುಟಿ ಬಿಚ್ಚುವುದಿಲ್ಲ, ಹೊಳೆಯುತ್ತ ಉಳಿಯುತ್ತದೆ. ಮೇಲ್ಮೈ ಕೆಡದೆ ಬಿದ್ರಿಯೇ ಇಲ್ಲ. ಇದನ್ನು ಕಣ್ಣಾರೆ ಕಂಡವನಿಗೆ ಡಾಕ್ಟರ ಸೀಸೆ ಅರ್ಥವಾಗಿಬಿಡುತ್ತದೆ, ಅರ್ಥವಾದರೆ ಕಾಲು ಕೂಡುತ್ತದೆ.

ಬದಲಿಗೆ ಮಹಮೂದ್ ಗವಾನರ ಮದರಸಾ ತೋರಿಸಿ. ಕಾಕಾ ಅದನ್ನೇ ಮಾಡಿದರು. "1472ರಾಗ ಕಟ್ಟ್ಯಾರಂತ, ನೀಲಿ ಟೈಲ್ಸ್ ಇನ್ನೂ ಅವ ನೋಡ್ರಿ. ಮಾಲು ಅಂದ್ರ ಹಂಗಿರಬೇಕು." ಸಿಡಿಮದ್ದು ಸಿಡಿದು ಕಟ್ಟಡದ ಒಂದು ಪಾಲೇ ಹೋದದ್ದು, ಉಳಿದ ಗೋಡೆಯಲ್ಲೂ ಹೆಚ್ಚಿನ ಬಿಲ್ಲೆಗಳು ಉದುರಿ ಬರಿಗಲ್ಲು ಕಾಣುತ್ತಿರುವುದು, ಉಳಿದ ಬಿಲ್ಲೆಗಳೂ ಗೋಡೆಗೆ ಅಂಟಿ ಕೂತಿವೆಯೇ ಹೊರತು ಗೋಡೆಯಾಗಿಲ್ಲ ಎಂಬುದು, ಇವೆಲ್ಲ ಆ ಹೊತ್ತಿಗೆ ಅನಗತ್ಯ ವಿವರಗಳು.

ಗಾಜು ಬೇಡವೆಂದರೆ ಡಾಕ್ಟರು ಸಿರಾಮಿಕ್ ತೋರಿಸುತ್ತಾರೆ. ಹೈಡ್ರಾಕ್ಸಿ ಅಪಟೈಟ್ ಎಂದು ಅದರ ಹೆಸರು, ಎಲುಬಿನ ಖನಿಜಕ್ಕೂ ಅದೇ ಹೆಸರು. ಕೈಗೆ ತೆಗೆದುಕೊಂಡು ನೋಡಿ. ಮೈತುಂಬ ಸಣ್ಣ ತೂತು. "ತೂತಿನ ಮಾಲು ನಮಗ್ಯಾಕ್ರಿ?" ಎಂದು ಒಡನೆಯೇ ತಿರಸ್ಕರಿಸಿ. ಆ ತೂತುಗಳು ತಲೆಗೂದಲಿನ ದಪ್ಪಕ್ಕಿಂತ ಕೊಂಚ ದೊಡ್ಡವು, ಒಂದಕ್ಕೊಂದು ದಾರಿ ಇರುವಂತೆ ಮಾಡಿರುತ್ತಾರೆ. ರಕ್ತನಾಳ ಆ ಓಣಿಗಳಲ್ಲಿ ನುಗ್ಗಿ ಬಂದರೆ ಅದರ ಹಿಂದೆಯೇ ಎಲುಬು ಬರುತ್ತದೆ. ಬೀದರ ದಿಣ್ಣೆಯ ಕೆಂಪು ಜಂಬಿಟ್ಟಿಗೆ ಕಲ್ಲು ತೂತಾಗಿರುವುದಕ್ಕೇ ಮಳೆನೀರು ಒಳಗಿಳಿಯಿತು, ಹಳಬರು ನೌಬಾದಿನಲ್ಲಿ ನೆಲದೊಳಗೆ ಸುರಂಗ ತೋಡಿ ಆ ನೀರನ್ನು ಊರಿಗೆ ತಂದರು. ನಿಮಗೆ ಅದೆಲ್ಲ ಬೇಡ. ಪಡಸಾಲೆಗೆ ಹಾಸುವ ಟೈಲ್ಸಿನಂತೆ ನುಣ್ಣಗೆ, ನೀರು ಹೀರದ ತುಂಡೇ ಬೇಕೆಂದು ಹಟ ಹಿಡಿಯಿರಿ.

ಬೇಗ ಕರಗುವುದು ಬೇಕೋ ನಿಧಾನ ಕರಗುವುದು ಬೇಕೋ ಎಂದು ಕೇಳಿದರೆ ಎರಡೂ ಕಡೆ ತಪ್ಪು ಆರಿಸಲು ಅವಕಾಶವಿದೆ. ಜಿಪ್ಸಂ ಸುಟ್ಟು ಮಾಡಿದ ಮಾಮೂಲಿ ಪ್ಲಾಸ್ಟರ್ ಪುಡಿಯನ್ನು ಡ್ರೀಸ್‌ಮನ್ ಎಂಬ ಜರ್ಮನ್ ಡಾಕ್ಟರು 1892ರಲ್ಲೇ ಎಲುಬಿನ ಗುಳಿಗಳಿಗೆ ತುಂಬಿದ್ದರು. ಅದು ಕೆಲವೇ ವಾರದಲ್ಲಿ ಕರಗಿ ಹೋಗುತ್ತದೆ, ಎಲುಬು ಬಂದು ನೋಡುವ ಹೊತ್ತಿಗೆ ಮನೆ ಖಾಲಿ. ಅಪ್ಪಟ ಹೈಡ್ರಾಕ್ಸಿ ಅಪಟೈಟ್ ವರ್ಷಗಟ್ಟಲೆ ಜಾಗ ಬಿಡುವುದಿಲ್ಲ. ಇವೆರಡರ ನಡುವಿನ ಹದ ಹಿಡಿಯಲು ಬೇಗ ಕರಗುವ ಇನ್ನೊಂದು ಕ್ಯಾಲ್ಸಿಯಂ ಫಾಸ್ಫೇಟನ್ನು ಅದಕ್ಕೆ ಬೆರೆಸುತ್ತಾರೆ. ಕೋಲ್ಕತ್ತಾದ ಕೇಂದ್ರ ಗಾಜು ಮತ್ತು ಸಿರಾಮಿಕ್ ಸಂಶೋಧನಾ ಸಂಸ್ಥೆ, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ, ನಮ್ಮದೇ ಬೆಂಗಳೂರಿನ ಐಐಎಸ್‌ಸಿ, ಎಲ್ಲ ಕಡೆಯೂ ಇಂಥ ಸಾಮಾನಿನ ಮೇಲೆ ಕೆಲಸ ನಡೆದಿದೆ. ಬೆಂಗಳೂರಿನ ಹೆಸರು ಕೇಳಿ ಕರಗಬೇಡಿ. ಅಲ್ಲಿ ಎಲ್ಲದಕ್ಕೂ ಕೆಲಸ ನಡೆದೇ ಇರುತ್ತದೆ.

ಇಷ್ಟಾದರೂ ನಿಮ್ಮನ್ನು ಮೇಜಿನ ಮೇಲೆ ಮಲಗಿಸಿ ರಾಡ್ ಹಾಕಿ, ಸೊಂಟದಿಂದ ಕೆರೆದ ಎಲುಬಿಗೆ ಆ ಕಾಳು ಬೆರೆಸಿ ತುಂಬಿಯೇಬಿಟ್ಟರು ಅನ್ನಿ. ನನಗೆ ಹಾಗೇ ಆಯಿತು. ಅವ್ವ ಕಾಕಾನನ್ನು ಹೊರಗೆ ಚಹಾ ಕುಡಿಯಲು ಕಳಿಸಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದಳು. ಆಗಲೂ ಒಂದು ಕೊನೆಯ ಅವಕಾಶ ಇದೆ. ಈ ಸಾಮಾನು ಒತ್ತಿದರೆ ತಡೆಯುತ್ತದೆ, ಬಾಗಿಸಿದರೆ ಖಟ್ಟೆಂದು ಒಡೆಯುತ್ತದೆ. ಭಾರ ಹೊರುವುದು ರಾಡ್; ಕಾಳು ಬರೀ ಜಾಗ ಕಾಯುತ್ತದೆ. ಆದ್ದರಿಂದ ಮನೆಗೆ ಬಂದ ಮರುದಿನವೇ ಊರುಗೋಲು ಎಸೆದು, ಒಳಗೆ ಕಲ್ಲು ತುಂಬಿಸಿದ್ದೇನೆ ಎಂದು ಎದೆಯುಬ್ಬಿಸಿ ಚೀಲ ಹೊರಿ. ನಾನು ಹೊರಲಿಲ್ಲ. ಊರುಗೋಲನ್ನು ಎಸೆಯಲು ಹುಡುಕಿದಾಗೆಲ್ಲ ಅದರ ಮೇಲೆ ಅವ್ವನ ಕೈ ಇರುತ್ತಿತ್ತು, ತಂಬಾಕಿನ ಡಬ್ಬಿಯಂತೂ ಎಲ್ಲಿ ಹೋಯಿತೆಂದು ಈವರೆಗೂ ಸಿಕ್ಕಿಲ್ಲ. ಮನೆಯವರ ಸಹಕಾರವಿಲ್ಲದೆ ಯಾವ ಕಲೆಯೂ ಬೆಳೆಯದು.

ಹಾಗಾಗಿ ನಿಮಗೂ ನನ್ನ ಗತಿಯೇ ಬಂದರೆ ಮಾಡಬೇಕಾದದ್ದು ಒಂದೇ ಉಳಿದಿದೆ. ಎಕ್ಸ್‌ರೇಗಳನ್ನು ಜೋಪಾನವಾಗಿಡಿ. ಆಪರೇಷನ್ ಆದ ವಾರದ್ದರಲ್ಲಿ ಮುರಿದ ಜಾಗದ ಸುತ್ತ ಬಿಳಿ ಬಿಳಿ ಕಾಳು ಸಾಬೂದಾಣಿಯಂತೆ ಎಣಿಸುವಷ್ಟು ಸ್ಪಷ್ಟ ಕಾಣುತ್ತವೆ. ಆರು ತಿಂಗಳಿನದ್ದರಲ್ಲಿ ಅಂಚು ಮಸುಕು. ವರ್ಷ ದಾಟಿದ ಮೇಲೆ ಒಂದನ್ನು ತೆಗೆಸಿ, ಮೂರನ್ನೂ ಕಿಟಕಿಗೆ ಆನಿಸಿ ಸಾಲಾಗಿ ಹಿಡಿಯಿರಿ. ಕಾಕಾನನ್ನು ಕರೆಯಿರಿ. ಕಾಕಾ ಕನ್ನಡಕ ಏರಿಸಿ, ಕೊನೆಯದನ್ನು ಮೇಲಿಂದ ಕೆಳಗೆ ಬೆರಳಿಟ್ಟು ಹುಡುಕುತ್ತಾರೆ. ರಾಡ್ ಕಾಣುತ್ತದೆ, ಸ್ಕ್ರೂ ಕಾಣುತ್ತವೆ, ಸುತ್ತ ಒಂದೇ ಸಮನೆ ಎಲುಬು. ಕಾಳು ಎಲ್ಲಿದ್ದವೆಂದು ಹೇಳಲು ಅವರಿಗೂ ಆಗುವುದಿಲ್ಲ.

"ರೊಕ್ಕ ಕೊಟ್ಟಿದ್ದ ಮಾಲೇ ಮಾಯ ಆಗ್ಯಾದಲ್ಲೋ ತಮ್ಮಾ!"

ಇದೇ ನಿಮ್ಮ ದೂರು. ಬಿಲ್ಲು, ಮೂರು ಎಕ್ಸ್‌ರೇ, ಸೀಸೆಯ ಖಾಲಿ ಡಬ್ಬಿ ಇಟ್ಟುಕೊಂಡಿದ್ದರೆ ಅದನ್ನೂ ಒಂದು ಚೀಲಕ್ಕೆ ಹಾಕಿ. ಮುಂಜಾನೆಯ ಮೊದಲ ಬಸ್ಸಿಗೇ ಬೀದರಿಗೆ ಹೊರಡಿ, ತಡವಾದರೆ ದವಾಖಾನೆಯಲ್ಲಿ ಸಾಲು ಉದ್ದವಾಗುತ್ತದೆ. ಬಸ್ ಬಂದುಬಿಟ್ಟಿದ್ದರೆ ಓಡಿ ಹತ್ತಿ. ಓಡಿ ಹತ್ತಿದ್ದನ್ನು ಮಾತ್ರ ಅಲ್ಲಿ ಯಾರಿಗೂ ಹೇಳಬೇಡಿ.